ಮೊದಲನೆಯ ವರ

ಕಠೋಪನಿಷತ್ತು ಓದಿದವರೆಲ್ಲ ಮಾತಾಡುವುದು ಮೂರನೆಯ ವರದ ಬಗ್ಗೆ. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ನಚಿಕೇತ ಕೇಳುತ್ತಾನೆ. ಅದೊಂದು ಬಿಟ್ಟು ಏನು ಬೇಕಾದರೂ ಕೇಳು ಎಂದು ಯಮ ಗೋಗರೆಯುತ್ತಾನೆ, ಆನೆ, ಕುದುರೆ, ರಥ, ಅಪ್ಸರೆಯರು ಎಲ್ಲವನ್ನೂ ಮುಂದಿಡುತ್ತಾನೆ. ಹುಡುಗ ಜಗ್ಗುವುದಿಲ್ಲ. ನಮ್ಮ ಭಾನುವಾರದ ಪಾಠದಲ್ಲೂ ಮೇಷ್ಟ್ರಿಗೆ ಅಲ್ಲಿಗೆ ಹೋಗಿ ಮುಟ್ಟುವ ಅವಸರ. ನಾನು ಮಾತ್ರ ಮೊದಲನೆಯ ವರದಲ್ಲೇ ಸಿಕ್ಕಿಹಾಕಿಕೊಂಡೆ. ಮೂರು ರಾತ್ರಿ ಅನ್ನ ನೀರಿಲ್ಲದೆ ಯಮನ ಮನೆಯಲ್ಲಿ ಕಾದು ಕೂತ ಹುಡುಗ ಮೊಟ್ಟಮೊದಲು ಕೇಳುವುದು ಇಷ್ಟೇ: ನಾನು ಇಲ್ಲಿಂದ ಬಿಡುಗಡೆಯಾಗಿ ಮನೆಗೆ ಹೋದಾಗ ಅಪ್ಪನ ಸಿಟ್ಟು ಇಳಿದಿರಲಿ, ಅವನು ನನ್ನ ಗುರುತು ಹಿಡಿದು ಮಾತಾಡಿಸಲಿ. ಯಮ ಆಗಲಿ ಎನ್ನುತ್ತಾನೆ. ಕೇಳದಿದ್ದ ಇನ್ನೊಂದನ್ನೂ ತಾನೇ ಸೇರಿಸುತ್ತಾನೆ. ನಿಮ್ಮಪ್ಪ ಇನ್ನು ಮೇಲೆ ರಾತ್ರಿ ನೆಮ್ಮದಿಯಾಗಿ ಮಲಗುತ್ತಾನೆ.

ಸಾವಿನ ದೇವರಿಗೆ ಯಾರದೋ ಅಪ್ಪನ ನಿದ್ದೆಯ ಚಿಂತೆ ಏಕೆ ಬಂತು? "ಅದು ಲೌಕಿಕವಾದ ವರ ಅಮ್ಮಾ, ಮುಂದೆ ಹೋಗೋಣ" ಎಂದರು ಮೇಷ್ಟ್ರು. ನನಗೆ ಮುಂದೆ ಹೋಗಲಾಗಲಿಲ್ಲ. ಆ ಬೆಳಿಗ್ಗೆ ನಾನೂ ನಿದ್ದೆಗೆಟ್ಟುಕೊಂಡೇ ಪಾಠಕ್ಕೆ ಬಂದಿದ್ದೆ.

ದೊಮ್ಮಲೂರಿನಲ್ಲಿ ನಾನೊಂದು ಹೆಣ್ಣುಮಕ್ಕಳ ಪಿ.ಜಿ. ನಡೆಸುತ್ತೇನೆ. ನಮ್ಮ ಯಜಮಾನರು ಕಟ್ಟಿಸಿದ ಮನೆ. ಅವರು ಹೋದ ಮೇಲೆ ಮಹಡಿಗಳನ್ನು ಟು ಶೇರಿಂಗ್, ತ್ರೀ ಶೇರಿಂಗ್ ಎಂದು ಪಾಲು ಮಾಡಿ ಬದುಕು ಸಾಗಿಸಿಕೊಂಡು ಬಂದೆ. ಗೇಟು ರಾತ್ರಿ ಹತ್ತೂವರೆಗೆ ಮುಚ್ಚುತ್ತದೆ ಎಂದು ಬೋರ್ಡು ಹಾಕಿದ್ದೇನೆ. ಶನಿವಾರ ಆ ಬೋರ್ಡನ್ನು ಯಾರೂ ಓದುವುದಿಲ್ಲ. ಇಂದಿರಾನಗರದ ನೂರಡಿ ರಸ್ತೆ ನಮಗೆ ತೀರ ಹತ್ತಿರ. ಒಂದು ಕಾಲಕ್ಕೆ ಅಲ್ಲಿ ಹನ್ನೊಂದೂವರೆಗೇ ಪೋಲೀಸರು ಬಂದು ಬಾಗಿಲು ಹಾಕಿಸುತ್ತಿದ್ದರು. ಈಗ ರಾತ್ರಿ ಒಂದರವರೆಗೆ ಅಪ್ಪಣೆಯಿದೆ. ಹಾಗಾಗಿ ಒಂದೂಕಾಲರಿಂದ ಎರಡರವರೆಗೆ ನನ್ನ ಗೇಟಿನ ಮುಂದೆ ಕ್ಯಾಬುಗಳು ನಿಲ್ಲುತ್ತವೆ. ಕೀಲಿ ನನ್ನ ಹತ್ತಿರವೇ ಇರುತ್ತದೆ. ಕಾವಲುಗಾರನಿಗೆ ಕೊಟ್ಟಿಲ್ಲ, ಹುಡುಗಿಯರಿಗೂ ಕೊಟ್ಟಿಲ್ಲ.

ಹುಬ್ಬಳ್ಳಿ ಕಡೆಯ ಒಬ್ಬಳು ಇದ್ದಾಳೆ. ಮೊದಲ ಕೆಲಸ, ಮೊದಲ ಸಂಬಳ. ಸಂಬಳ ಬಂದ ಶನಿವಾರ ಆಫೀಸಿನ ಗೆಳತಿಯರ ಜೊತೆ ಪಬ್ಬಿಗೆ ಹೋದಳು, ಜನ್ಮದಲ್ಲಿ ಮೊದಲ ಸಲ. ವಾಪಸು ಬಂದಾಗ ಚಪ್ಪಲಿ ಕೈಯಲ್ಲಿತ್ತು. "ಕೀಲಿ ತಗೀರಿ ಆಂಟಿ, ಕಾಲು ಭಾಳ ನೋಯಾಕತ್ತಾವ." ಒಳಗೆ ಬಂದವಳು ರೂಮಿಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತಳು. ಅಡುಗೆಮನೆಯಲ್ಲಿ ಉಳಿದಿದ್ದ ಚಿತ್ರಾನ್ನ ತಂದುಕೊಟ್ಟೆ. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು, ಮಣಿಕಟ್ಟಿಗೆ ಪಬ್ಬಿನವರು ಸುತ್ತಿದ ಕಿತ್ತಲೆ ಬಣ್ಣದ ಕಾಗದದ ಪಟ್ಟಿ ಹಾಗೇ ಇತ್ತು. ತಿನ್ನುತ್ತಾ ಹೇಳಿದಳು: "ಏನೂ ಇರಲಿಲ್ರೀ ಅಲ್ಲಿ. ಬರೇ ಸಪ್ಪಳ. ಬಿಯರು ಕಹಿ. ಆದ್ರ ಹೊರಗ ಬಂದು ಕ್ಯಾಬಿಗೆ ಕಾಯೂ ಮುಂದ, ಈ ಹೊತ್ತೂ ನಂದು ಅನಿಸ್ತು."

ಸೋಮವಾರ ಆಫೀಸಿಗೆ ಹೊರಟಾಗಲೂ ಆ ಪಟ್ಟಿ ಕೈಯಲ್ಲಿತ್ತು. ಸ್ನಾನದ ನೀರಿಗೆ ಬಣ್ಣ ಬಿಟ್ಟು ಅಂಚು ಸುರುಳಿಗಟ್ಟಿತ್ತು. ನೋಡಿ ನನಗೆ ಕಂಕಣದ ನೆನಪಾಯಿತು. ಮದುವೆಗೋ ವ್ರತಕ್ಕೋ ಕಂಕಣ ಕಟ್ಟುತ್ತಾರೆ, ಕರ್ಮ ಮುಗಿದ ಮೇಲೆ ಅದನ್ನು ವಿಧಿಪೂರ್ವಕ ಬಿಚ್ಚಿಸುತ್ತಾರೆ. ಕಟ್ಟುವುದಕ್ಕೆ ಇರುವಷ್ಟೇ ಮರ್ಯಾದೆ ಬಿಚ್ಚುವುದಕ್ಕೂ ಇದೆ. ಇವಳ ಕಂಕಣ ಕಟ್ಟಿದವನು ಬಾಗಿಲಲ್ಲಿ ನಿಂತ ಬೌನ್ಸರ್. ಬಿಚ್ಚುವವರು ಯಾರೂ ಇರಲಿಲ್ಲ. ಮಂಗಳವಾರ ಅವಳೇ ಉಗುರು ಕತ್ತರಿಸುವ ಕಟ್ಟರಿನಿಂದ ಕತ್ತರಿಸಿಕೊಂಡಳು.

ಇದನ್ನು ಸಂಸ್ಕಾರ ಎಂದು ಕರೆಯಬಹುದೇ? ಪಾಠದ ಬಿಡುವಿನಲ್ಲಿ ಕೇಳಿದೆ. ನಮ್ಮ ಜೊತೆಗೆ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಕೋಪವೇ ಬಂತು. "ಪಬ್ಬಿಗೂ ಶಾಸ್ತ್ರಕ್ಕೂ ಗಂಟು ಹಾಕಬೇಡಿ. ಸಂಸ್ಕಾರ ಅಂದರೆ ಸಂಕಲ್ಪ ಬೇಕು, ಮಂತ್ರ ಬೇಕು, ದೇವರು ಬೇಕು." ಅವರ ಮಾತಿನಲ್ಲಿ ತೂಕವಿದೆ. ಆದರೆ ಶಿವರಾತ್ರಿಯ ಕಥೆಯ ಬೇಟೆಗಾರನಿಗೆ ಸಂಕಲ್ಪ ಎಲ್ಲಿತ್ತು? ಆ ದಿನ ಶಿವರಾತ್ರಿ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕಾಡುಪ್ರಾಣಿಗಳ ಭಯಕ್ಕೆ ಮರ ಹತ್ತಿದ, ನಿದ್ದೆ ಬರದಿರಲೆಂದು ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದ. ಅದು ಬಿಲ್ವ, ಕೆಳಗಿದ್ದದ್ದು ಲಿಂಗ. ಶಿವ ಅದನ್ನೇ ಪೂಜೆಯ ಲೆಕ್ಕಕ್ಕೆ ಬರೆದುಕೊಂಡ. ನಮ್ಮ ಪುರಾಣಕಾರರು ಇಷ್ಟು ದೊಡ್ಡ ಮನಸ್ಸು ಮಾಡಿರುವಾಗ ನಾವೇಕೆ ಬಿಗಿ ಹಿಡಿಯಬೇಕು ಎಂದೆ. "ಬೇಟೆಗಾರ ಕುಡಿದಿರಲಿಲ್ಲ" ಎಂದರು ಬ್ಯಾಂಕಿನವರು. "ಕುಡಿದಿದ್ದರೆ ಮರದಿಂದ ಬೀಳುತ್ತಿದ್ದ" ಎಂದರು ಮೇಷ್ಟ್ರು. ಎಲ್ಲರೂ ನಕ್ಕು ಮತ್ತೆ ಪುಸ್ತಕ ತೆರೆದೆವು.

ಕುಡಿತವನ್ನು ನಾನು ಹೊಗಳುತ್ತಿಲ್ಲ. ಮೆಟ್ಟಿಲ ಮೇಲಿನ ವಾಂತಿಗೆ ಫಿನಾಯಿಲ್ ಹಾಕಿ ತೊಳೆದವಳು ನಾನು. ಅಳುತ್ತಾ ಬಂದವಳನ್ನು ಪಕ್ಕದಲ್ಲಿ ಮಲಗಿಸಿಕೊಂಡದ್ದೂ ಉಂಟು. ಆದರೆ ನನ್ನ ತಲೆಯಲ್ಲಿ ಕೂತ ಪ್ರಶ್ನೆ ಕುಡಿತದ್ದಲ್ಲ, ರಾತ್ರಿಯದ್ದು. ಚಿಕ್ಕವರು ದೊಡ್ಡವರಾಗುವುದಕ್ಕೆ ಎಲ್ಲ ಕಾಲದಲ್ಲೂ ಒಂದು ರಾತ್ರಿ ಏಕೆ ಬೇಕಾಗುತ್ತದೆ? ಉಪನಯನವನ್ನು ನಾವು ಹಗಲು ಮುಹೂರ್ತದಲ್ಲಿ ಮುಗಿಸಿ ಊಟಕ್ಕೆ ಎಲೆ ಹಾಕುತ್ತೇವೆ. ಅಥರ್ವವೇದದ ಬ್ರಹ್ಮಚಾರಿ ಸೂಕ್ತದಲ್ಲಿ ಬೇರೆಯೇ ಚಿತ್ರವಿದೆ. ಗುರು ಶಿಷ್ಯನನ್ನು ಗರ್ಭದಂತೆ ಒಳಗೆ ತೆಗೆದುಕೊಂಡು ಮೂರು ರಾತ್ರಿ ಹೊಟ್ಟೆಯಲ್ಲಿ ಹೊರುತ್ತಾನೆ. ಅವನು ಹುಟ್ಟಿ ಬಂದಾಗ ನೋಡಲು ದೇವತೆಗಳು ನೆರೆಯುತ್ತಾರೆ. ನಚಿಕೇತನಿಗೂ ಮೂರೇ ರಾತ್ರಿ. ಕತ್ತಲೆಯೊಳಗೆ ಇಳಿಯಬೇಕು, ಆ ಕಡೆ ಯಾರಾದರೂ ಕಾದಿರಬೇಕು. ಎರಡನೆಯದನ್ನು ಮರೆತರೆ ಮೊದಲನೆಯದು ಬರೀ ಕತ್ತಲೆ.

ನಮ್ಮೂರು ಕುಂದಾಪುರದ ಕಡೆ. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟರೆ ಕೊಯ್ಲಾದ ಗದ್ದೆಗಳಲ್ಲಿ ರಾತ್ರಿಯಿಡೀ ಬಯಲಾಟ. ಚಿಕ್ಕವರಿದ್ದಾಗ ಅಮ್ಮನ ಜೊತೆ ಚಾಪೆ ಹಿಡಿದು ಹೋಗಿ ಒಡ್ಡೋಲಗ ಮುಗಿಯುವ ಮುಂಚೆ ಮಲಗಿಬಿಡುತ್ತಿದ್ದೆವು. ಅಮ್ಮನಿಲ್ಲದೆ, ಓರಗೆಯವರ ಜೊತೆ, ಸೂಡಿ ಹಚ್ಚಿಕೊಂಡು ಗದ್ದೆಯ ಅಂಚಿನ ಮೇಲೆ ನಡೆದು ಹೋಗುವುದೇ ಬೇರೆ. ಅಣ್ಣನಿಗೆ ಆ ಅಪ್ಪಣೆ ಸಿಕ್ಕಿದ ವರ್ಷ ಅವತ್ತಿನ ಪ್ರಸಂಗ ಅಭಿಮನ್ಯು ಕಾಳಗ. ಅವನೂ ಅವನ ಗೆಳೆಯರೂ ಆ ರಾತ್ರಿ ಏನೇನು ಮಾಡಿದರೋ, ಚೌಕಿಯ ಹಿಂದೆ ಬೀಡಿ ಎಳೆದರೋ, ನನಗೆ ಗೊತ್ತಿಲ್ಲ. ಬೆಳಿಗ್ಗೆ ಅವನು ಬಂದಾಗ ಅಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಕ್ಕಳ ಜೊತೆ ಮಾತು ಬೆಳೆಸುವ ಪೈಕಿಯೇ ಅಲ್ಲ ಅವರು. ಬೈಗುಳ ಕೇಳಿಸಬಹುದೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ತಲೆಯೆತ್ತಿ "ಪುಂಡುವೇಷ ಯಾರ್ದಾ?" ಎಂದು ಕೇಳಿದರು. ಅಣ್ಣ ಹೆಸರು ಹೇಳಿದ. "ಕುಣಿತ ಹ್ಯಾಂಗಿತ್ತ್?" ಅಣ್ಣ ಕೂತ. ಇಬ್ಬರೂ ಕಾಫಿ ಕುಡಿಯುತ್ತಾ ಭಾಗವತರ ಪದ, ಮದ್ದಳೆಯವನ ಪೆಟ್ಟು, ದ್ರೋಣ ಅರ್ಥ ಹೇಳಿದ್ದು ಎಂದೆಲ್ಲ ಮಾತಾಡಿದರು. ಗಂಡಸರು ಗಂಡಸರ ಜೊತೆ ಮಾತಾಡುವ ಹಾಗೆ. ಆಮೇಲೆ ಅಪ್ಪ ಅವನನ್ನು ತೋಟಕ್ಕೆ ನೀರು ಬಿಡಲು ಕಳಿಸಿದರು, ನಿದ್ದೆ ಮಾಡಲು ಬಿಡಲಿಲ್ಲ.

ಅಣ್ಣ ದೊಡ್ಡವನಾದದ್ದು ಗದ್ದೆಯಲ್ಲಲ್ಲ, ಆ ಜಗಲಿಯಲ್ಲಿ.

ನಾನು ದೊಡ್ಡವಳಾದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಕೊಬ್ಬರಿ ಬೆಲ್ಲ ತಿನ್ನಿಸಿ, ಆರತಿ ಎತ್ತಿ, ಹೊಸ ಲಂಗ ಉಡಿಸಿದರು. ಅಲ್ಲಿಗೆ ನನ್ನ ಬಯಲಾಟ ಮುಗಿಯಿತು. ಗಂಡುಹುಡುಗನಿಗೆ ದೊಡ್ಡವನಾಗುವುದೆಂದರೆ ಹೊರಗೆ ಹೋಗುವುದು, ಹೆಣ್ಣಿಗೆ ಒಳಗೆ ಬರುವುದು. ಇದನ್ನು ಅನ್ಯಾಯ ಎಂದು ಆಗ ಯಾರಾದರೂ ಹೇಳಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದ ಹುಡುಗಿಯ ಮಾತು ಕೇಳಿದ ಮೇಲೆ ಅರ್ಥವಾಯಿತು. ಆದ್ದರಿಂದ "ನಮ್ಮ ಕಾಲದಲ್ಲಿ ಒಳ್ಳೆಯ ರಾತ್ರಿಗಳಿದ್ದವು, ಈಗ ಕೆಟ್ಟ ರಾತ್ರಿಗಳು" ಎಂದು ಹೇಳುವವರ ಸಾಲಿಗೆ ನಾನು ಸೇರಲಾರೆ. ನಮ್ಮ ಕಾಲದಲ್ಲಿ ನನಗೆ ರಾತ್ರಿಯೇ ಇರಲಿಲ್ಲ.

ಮೊದಲು ನಮ್ಮಲ್ಲಿದ್ದ ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ ಕಿವಿಗೆ ಬಿದ್ದದ್ದು: ಆರ್ನಾಲ್ಡ್ ವಾನ್ ಗೆನೆಪ್ ಎಂಬವನು 1909ರಲ್ಲಿ ಇಂಥ ವಿಧಿಗಳ ಮೇಲೆ ಫ್ರೆಂಚಿನಲ್ಲಿ ಪುಸ್ತಕ ಬರೆದ. ಅವನ ಪ್ರಕಾರ ಎಲ್ಲಕ್ಕೂ ಮೂರು ಘಟ್ಟ. ಮೊದಲು ಹಳೆಯ ಜಾಗದಿಂದ ಬೇರೆ ಮಾಡುತ್ತಾರೆ, ಆಮೇಲೆ ಹೊಸ್ತಿಲ ಮೇಲೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಸ್ಥಿತಿ, ಕೊನೆಗೆ ಹೊಸ ಸ್ಥಾನ ಕೊಟ್ಟು ಒಳಗೆ ಸೇರಿಸಿಕೊಳ್ಳುವುದು. ಪಬ್ಬಿನ ರಾತ್ರಿಯಲ್ಲಿ ಮೊದಲಿನ ಎರಡು ಭರ್ಜರಿಯಾಗಿ ಇವೆ. ಬಟ್ಟೆ ಬೇರೆ, ಬೆಳಕು ಬೇರೆ, ಹೆಸರು ಕೇಳಿಸದಷ್ಟು ಸದ್ದು. ಮೂರನೆಯದನ್ನು ಪಬ್ಬು ಕೊಡಲಾರದು, ಅದು ಬಿಲ್ಲು ಮಾತ್ರ ಕೊಡುತ್ತದೆ. ಅದು ಅದರ ತಪ್ಪೂ ಅಲ್ಲ. ಮೂರನೆಯದನ್ನು ಕೊಡಬೇಕಾದವರು ಮನೆಯಲ್ಲಿ ಫೋನು ಹಿಡಿದು "ಎಲ್ಲಿದ್ದೀಯ?" ಎಂದು ಕೇಳುತ್ತಿರುತ್ತಾರೆ, ಹುಡುಗಿ "ರೂಮಲ್ಲಿ" ಎನ್ನುತ್ತಿರುತ್ತಾಳೆ. ಸುಳ್ಳು ಹೇಳಿ ಹೋದವಳನ್ನು ವಾಪಸು ಬಂದಾಗ ಯಾರು ಹೇಗೆ ಬರಮಾಡಿಕೊಳ್ಳಬೇಕು? ಹೋದದ್ದೇ ಲೆಕ್ಕದಲ್ಲಿಲ್ಲವಲ್ಲ.

ಸರ್ಕಾರವೂ ಈ ವಿಷಯದಲ್ಲಿ ನಮ್ಮಷ್ಟೇ ಗೊಂದಲದಲ್ಲಿದೆ. 18ಕ್ಕೆ ಮತ, 18ಕ್ಕೆ ಲೈಸೆನ್ಸು, ಹುಡುಗಿಗೆ 18ಕ್ಕೆ ಮದುವೆ, ಹುಡುಗನಿಗೆ 21ಕ್ಕೆ. ಮದ್ಯದ ಮಟ್ಟಿಗೆ 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮ 21 ಎನ್ನುತ್ತದೆ. ಎರಡನ್ನೂ 18ಕ್ಕೆ ಸರಿಹೊಂದಿಸಲು 2023ರ ಜನವರಿಯಲ್ಲಿ ಕರಡು ಹೊರಡಿಸಿ, ಜನ ಗಲಾಟೆ ಮಾಡಿದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ರಾತ್ರಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಬಾರದೆಂದಿತ್ತು. ಐಟಿ ಕಂಪನಿಗಳೂ ಕಾಲ್ ಸೆಂಟರುಗಳೂ ಬಂದಾಗ ಅದಕ್ಕೆ ವಿನಾಯಿತಿ ಹುಟ್ಟಿತು. ನನ್ನ ಪಿ.ಜಿ.ಯಲ್ಲಿ ಅಮೆರಿಕದ ಪಾಳಿ ಮಾಡುವವರು ಬೆಳಗಿನ ಜಾವ ಮೂರಕ್ಕೆ ಕಂಪನಿ ಕ್ಯಾಬಿನಲ್ಲಿ ಬರುತ್ತಾರೆ. ಯಾವ ಅಪ್ಪನೂ ನನಗೆ ಫೋನು ಮಾಡಿ ಕೇಳಿದ್ದಿಲ್ಲ. ಅದೇ ಹುಡುಗಿ ಅದೇ ರಸ್ತೆಯಲ್ಲಿ ಒಂದೂವರೆಗೆ ತನ್ನ ಖುಷಿಗೆ ಬಂದರೆ ಮನೆತನದ ಮಾನದ ಮಾತು ಬರುತ್ತದೆ. ಹಾಗಾದರೆ ನಮಗೆ ಭಯ ಕತ್ತಲೆಯದ್ದಲ್ಲ.

ಭಯಕ್ಕೆ ಕಾರಣವೇ ಇಲ್ಲ ಎಂದೇನೂ ಅಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ಟೀವಿಯಲ್ಲಿ ನೋಡಿದೆ. ಕರಾವಳಿಯವಳಾದ ನನಗೆ ಅದು ಪಕ್ಕದ ಮನೆಯ ಸುದ್ದಿ. ಹೊಡೆದವರಲ್ಲಿಯೂ ಎಳೆಯ ಮುಖಗಳಿದ್ದವು. ಅವರಿಗೂ ಯಾರೋ ಅದನ್ನೇ ಗಂಡಸಾಗುವ ವಿಧಿ ಎಂದು ಹೇಳಿಕೊಟ್ಟಿರಬೇಕು. 2018ರಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳು ಖುಲಾಸೆಯಾದರು. 2016ರ ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಗಳಲ್ಲಿ ಹುಡುಗಿಯರ ಮೈಮೇಲೆ ಕೈಹಾಕಿದರೆಂಬ ಸುದ್ದಿ ಬಂದಾಗ ಇಡೀ ದಿನ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಋಗ್ವೇದದ ಹತ್ತನೆಯ ಮಂಡಲದ ರಾತ್ರಿಸೂಕ್ತಕ್ಕೂ ಈ ಭಯ ಗೊತ್ತು. ತೋಳವನ್ನೂ ಕಳ್ಳನನ್ನೂ ದೂರವಿಡು, ನಮಗೆ ದಾಟಲು ಸುಲಭವಾಗು ಎಂದು ಅದು ರಾತ್ರಿದೇವಿಯನ್ನೇ ಬೇಡಿಕೊಳ್ಳುತ್ತದೆ. ಗಮನಿಸಿ, ದೂರವಿಡಬೇಕಾದದ್ದು ತೋಳ. ನಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ಈ ಮಾತು ತೆಗೆದರೆ ಮೊದಲು ಬರುವ ಸಲಹೆ ಮಾತ್ರ ಪಿ.ಜಿ. ಗೇಟುಗಳನ್ನು ಒಂಬತ್ತಕ್ಕೇ ಮುಚ್ಚಿಸಬೇಕು ಎಂಬುದು.

ರಾತ್ರಿ ಮೋಜಿನಿಂದ ಎದ್ದು ಹೊರಟ ಯುವಕರ ಕಥೆಗಳಲ್ಲಿ ನನಗೆ ತೀರ ಇಷ್ಟವಾದದ್ದು ಬೌದ್ಧರ ವಿನಯಪಿಟಕದ ಯಶನದು. ಕಾಶಿಯ ಸಾಹುಕಾರನ ಮಗ. ಮೂರು ಋತುಗಳಿಗೆ ಮೂರು ಮಹಡಿಮನೆ, ರಾತ್ರಿಯೆಲ್ಲ ಹಾಡು, ವಾದ್ಯ, ಹೆಂಗಸರು. ಒಂದು ಸಲ ನಡುರಾತ್ರಿ ಎಚ್ಚರಾಗಿ ನೋಡುತ್ತಾನೆ: ದೀಪ ಇನ್ನೂ ಉರಿಯುತ್ತಿದೆ, ವಾದ್ಯದವರು ಎಲ್ಲೆಂದರಲ್ಲಿ ಬಿದ್ದಿದ್ದಾರೆ, ಒಬ್ಬಳ ಕಂಕುಳಲ್ಲಿ ವೀಣೆ, ಇನ್ನೊಬ್ಬಳ ಬಾಯಿಂದ ಜೊಲ್ಲು. ಸ್ಮಶಾನ ಕಂಡಂತಾಗಿ, ಚಿನ್ನದ ಪಾದುಕೆ ಮೆಟ್ಟಿ ಹೊರಟುಬಿಡುತ್ತಾನೆ, ಉಸಿರುಗಟ್ಟುತ್ತಿದೆ ಎಂದು ಹಲುಬುತ್ತಾ. ವೈರಾಗ್ಯದ ಪಾಠವಾಗಿ ಇದನ್ನು ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಮುಂದಿನದು. ಆ ಬೆಳಗಿನ ಜಾವ ಸಾರನಾಥದ ವನದಲ್ಲಿ ಬುದ್ಧ ಎದ್ದು ಬಯಲಿನಲ್ಲಿ ಅಡ್ಡಾಡುತ್ತಿದ್ದ. ದೂರದಿಂದಲೇ ಹುಡುಗನನ್ನು ಕಂಡ. ಇಲ್ಲಿ ಉಸಿರುಗಟ್ಟುವುದಿಲ್ಲ, ಬಾ, ಕೂತುಕೋ ಎಂದ. ಎಲ್ಲಿಂದ ಬಂದೆ, ಎಷ್ಟು ಕುಡಿದಿದ್ದೀಯ ಎನ್ನಲಿಲ್ಲ. ಬೆಳಗಾದ ಮೇಲೆ ಅಪ್ಪ ಪಾದುಕೆಯ ಗುರುತು ಹಿಡಿದು ಹುಡುಕಿಕೊಂಡು ಬರುತ್ತಾನೆ. ನಿನ್ನಮ್ಮ ಅಳುತ್ತಿದ್ದಾಳೆ, ಅವಳ ಜೀವ ಉಳಿಸು ಎನ್ನುತ್ತಾನೆ. ಮಗ ಇನ್ನು ಹಳೆಯ ಮನೆಯ ಮಗನಾಗಿ ಬರುವವನಲ್ಲ ಎಂದು ತಿಳಿದ ಮೇಲೆ ಅಪ್ಪ ಎಳೆದಾಡಲಿಲ್ಲ. ಬುದ್ಧನ ಜೊತೆಗೆ ಮಗನನ್ನೂ ಊಟಕ್ಕೆ ಕರೆದ. ಬಂದ ಮಗನನ್ನು ಅದೇ ಮನೆಯ ಅಮ್ಮ, ಹೆಂಡತಿ ಭಿಕ್ಷುವೆಂದು ಬಡಿಸಿ ಬರಮಾಡಿಕೊಂಡರು.

ನಮ್ಮಲ್ಲಿಗೆ ಬರುವ ಯಾವ ಹುಡುಗಿಯೂ ಸನ್ಯಾಸ ತೆಗೆದುಕೊಳ್ಳುವವಳಲ್ಲ, ಭಾನುವಾರ ಹನ್ನೆರಡರವರೆಗೆ ಮಲಗಿ ಎದ್ದು ಮ್ಯಾಗಿ ಕೇಳುವವರು. ಆದರೆ ಅವರನ್ನು ಬರಮಾಡಿಕೊಳ್ಳಲೂ ಯಾರಾದರೂ ಬೇಕು. ಯಮನ ಮನೆಯಲ್ಲಿ ಯಮನೇ ಇರಲಿಲ್ಲ, ವಾಪಸು ಬಂದವನು ಹುಡುಗನಿಗೆ ನಮಸ್ಕರಿಸಿ, ಕಾದ ರಾತ್ರಿಗೊಂದರಂತೆ ವರ ಕೊಟ್ಟು ಋಣ ತೀರಿಸಿಕೊಂಡ. ಸಾರನಾಥದಲ್ಲಿ ಒಬ್ಬ ಎದ್ದಿದ್ದ. ಕುಂದಾಪುರದ ಜಗಲಿಯಲ್ಲಿ ಒಬ್ಬರು ಎಲೆ ಹಾಕುತ್ತಾ ಕೂತಿದ್ದರು. ದೊಡ್ಡವರಾಗುವ ವಿಧಿಯಲ್ಲಿ ಕಷ್ಟದ ಪಾತ್ರ ಹುಡುಗರದ್ದು ಎಂದುಕೊಂಡಿದ್ದೆವು, ಅದು ಹಿರಿಯರದ್ದು. ಅಭಿಮನ್ಯುವಿಗೆ ಒಳಗೆ ನುಗ್ಗುವುದು ಗೊತ್ತಿತ್ತು. ಬೆನ್ನಿಗೆ ನಾವು ಬರುತ್ತೇವೆ ಎಂದ ದೊಡ್ಡಪ್ಪ, ಚಿಕ್ಕಪ್ಪಂದಿರು ಸೈಂಧವನ ಮುಂದೆ ನಿಂತುಬಿಟ್ಟರು.

ಇದನ್ನೆಲ್ಲ ಮೂರನೇ ಮಹಡಿಯ ಹುಡುಗಿಗೆ ಒಂದು ಸಂಜೆ ಹೇಳಿದೆ. ಅವಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು, ಮನೆಯಲ್ಲಿ ಜಗಳವಾಡಿ ಪಿ.ಜಿ. ಸೇರಿದವಳು, ಬಾಯಿ ಜೋರು. "ಆಂಟಿ, ನೀವು ಎದ್ದಿರ್ತೀರಲ್ಲ, ಅದೂ ಒಂಥರಾ ಪೋಲೀಸೇ. ಕೀಲಿ ನಮಗೆ ಕೊಟ್ಬಿಡಿ, ಅದು ದೊಡ್ಡವರಾಗಿಸೋದು." ಯೋಚಿಸಿದೆ. ಕಾಯುವುದಕ್ಕೂ ಕಾವಲಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ಇಬ್ಬರೂ ಗೇಟಿನ ಹತ್ತಿರವೇ ನಿಂತಿರುತ್ತಾರೆ. ನನ್ನ ರಿಜಿಸ್ಟರಿನಲ್ಲಿ ಬಂದ ಸಮಯ ಬರೆಸುತ್ತಿದ್ದೆ. ಆ ಕಾಲಂ ತೆಗೆದೆ. ಕೀಲಿ ಕೊಡಲಿಲ್ಲ. ಅವಳ ಪ್ರಕಾರ ಇದು ಅರ್ಧ ನ್ಯಾಯ.

ಅರ್ಧ ಎಂದರೆ ಅವಳು ಹೆಚ್ಚೇ ಹೇಳಿದಳು. ಕಳೆದ ವಾರ ಒಂದು ಗಂಟೆಗೆ ಬಿರಿಯಾನಿ ತಂದ ಡೆಲಿವರಿ ಹುಡುಗನನ್ನು ಕೇಳಿದೆ, ನೀನು ಮನೆಗೆ ಹೋಗುವುದು ಎಷ್ಟಕ್ಕಪ್ಪ ಎಂದು. ಯಾದಗಿರಿಯವನು, ಹತ್ತೊಂಬತ್ತಿರಬಹುದು. "ಮೂರಕ್ಕ ರೀ. ಆಗ ಇನ್ನೊಬ್ಬ ಏಳ್ತಾನ, ಅವನ ಹಾಸಿಗಿ ನನಗ ಸಿಗ್ತೈತಿ." ಈ ಊರಿನ ಎಲ್ಲ ರಾತ್ರಿಗಳೂ ಅವನವೇ, ಒಂದೂ ಅವನದಲ್ಲ. ಅವನಿಗೆ ನೀರು ಕೊಟ್ಟೆ. ಮುಂದಿನ ಆರ್ಡರು ಬಂದು ಫೋನು ಕಿರುಗುಟ್ಟಿತು, ಪೂರ್ತಿ ಕುಡಿಯಲೂ ಇಲ್ಲ.

ಮೂರನೇ ಮಹಡಿಯವಳು ಮೊನ್ನೆ ಇನ್ನೊಂದು ಕೇಳಿದಳು: "ಎಲ್ಲರ ನೈಟ್‌ಔಟ್ ಲೆಕ್ಕ ಇಟ್ಟಿದ್ದೀರಲ್ಲ ಆಂಟಿ, ನಿಮ್ಮದು ಯಾವಾಗ?" ಹುಡುಗಿಯರೆಲ್ಲ ಸೇರಿ ಈಗ ಚೈತ್ರ ಹುಣ್ಣಿಮೆಗೆ ನನ್ನನ್ನು ತಿಗಳರಪೇಟೆಗೆ ಕರಗ ನೋಡಲು ಕರೆದೊಯ್ಯುವ ಯೋಜನೆ ಹಾಕಿದ್ದಾರೆ. ಧರ್ಮರಾಯನ ಗುಡಿಯಿಂದ ಕರಗ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಮಲ್ಲಿಗೆ ಹೊದ್ದ ಕರಗ ಕತ್ತಿ ಹಿಡಿದ ವೀರಕುಮಾರರ ನಡುವೆ ಪೇಟೆಯೆಲ್ಲ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಗುಡಿಗೆ ಮರಳುವಾಗ ಬೆಳಗಾಗುತ್ತದೆ. ಇಷ್ಟು ವರ್ಷ ಈ ಊರಲ್ಲಿದ್ದು ಪೇಪರಿನಲ್ಲಿ ಫೋಟೋ ನೋಡಿದ್ದಷ್ಟೇ. ಬರುತ್ತೇನೆ ಎಂದಿದ್ದೇನೆ. ಆ ರಾತ್ರಿ ಗೇಟಿನ ಕೀಲಿ ಯಾರ ಹತ್ತಿರ ಇರಬೇಕು ಎಂಬುದರ ಮೇಲೆ ಜಗಳ ನಡೆದಿದೆ. ಹುಬ್ಬಳ್ಳಿಯವಳು ತಾನು ಎದ್ದಿರುತ್ತೇನೆ ಎನ್ನುತ್ತಾಳೆ, ಅವಳಿಗೆ ಹನ್ನೊಂದಕ್ಕೇ ನಿದ್ದೆ ಬರುತ್ತದೆಂದು ಉಳಿದವರು ಒಪ್ಪುತ್ತಿಲ್ಲ.